ಕತ್ತಲಲ್ಲಿ ಎರಡಾಗುವವು

"ನೀನು ಬದುಕಿ ಉಳಿ, ಅಷ್ಟೇ ಸಾಕು. ನಿನ್ನ ಕೋಣೆಯ ದೀಪ ನನ್ನ ಕೈಯಿಂದ ಎಂದಿಗೂ ಆರುವುದಿಲ್ಲ."

ವಗೀದಾ ತನ್ನ ಮಗನಿಗೆ ಹೀಗೆ ಮಾತು ಕೊಟ್ಟದ್ದು ಅವನು ಹುಟ್ಟಿದ ಆರನೆಯ ದಿನದ ಸಂಜೆ. ಅವನಿಗಿಂತ ಮುಂಚೆ ಹುಟ್ಟಿದ ಎರಡೂ ಕೂಸುಗಳು ಏಳನೆಯ ದಿನವನ್ನು ಕಂಡಿರಲಿಲ್ಲ. ನೈಲ್ ನದಿ ಸಮುದ್ರ ಸೇರುವ ಕಡೆ, ದೋಣಿ ಕಟ್ಟುವವರ ಊರಾದ ಎಜ್ಬತ್ ಅಲ್-ಬುರ್ಜ್‌ನಲ್ಲಿ, ಹೆತ್ತ ಮನೆಯ ದೀಪವನ್ನು ಏಳು ದಿನ ಆರಿಸುವ ಪದ್ಧತಿಯಿಲ್ಲ. ಆರನೆಯ ಸಂಜೆ ಏಳು ಬಗೆಯ ಕಾಳು ನೆನೆಹಾಕಿ ಮಗುವಿನ ತಲೆದೆಸೆಗೆ ಇಡುತ್ತಾರೆ. ಎರಡನೆಯ ಕೂಸಿನ ಸರದಿಯಲ್ಲಿ ಸಮುದ್ರದ ಗಾಳಿಗೆ ದೀಪ ಆರಿತ್ತು. ಅದನ್ನು ಯಾರೂ ಎತ್ತಿ ಆಡಲಿಲ್ಲ. ಅವಳೇ ಆಡಿಕೊಂಡಳು, ಒಳಗೊಳಗೇ, ವರ್ಷಗಟ್ಟಲೆ.

ಮೂರನೆಯವನು ಬದುಕಿದ. ಶೌಕಿ ಎಂದು ಹೆಸರಿಟ್ಟರು. ಅವನ ಕೋಣೆಯ ಸೀಮೆಎಣ್ಣೆ ದೀಪ ಹೋಗಿ ಬಲ್ಬು ಬಂತು, ಬಲ್ಬು ಹೋಗಿ ಟ್ಯೂಬ್‌ಲೈಟು ಬಂತು. ವಗೀದಾ ಯಾವುದನ್ನೂ ಆರಿಸಲಿಲ್ಲ. ಬೆಳೆದು ದೊಡ್ಡವನಾದ ಮೇಲೆ ಶೌಕಿಯೇ ಎದ್ದು ಆರಿಸಿಕೊಳ್ಳುತ್ತಿದ್ದ. ಅದು ಅವನ ಕೈ. ಅದಕ್ಕೆ ಅವಳ ಆಕ್ಷೇಪಣೆ ಇರಲಿಲ್ಲ.

ಅಲೆಕ್ಸಾಂಡ್ರಿಯಾದಲ್ಲಿ ಓದು ಮುಗಿಸಿ ಬಂದ ಶೌಕಿ ಹಾಜಿ ಮಿತ್ವಲ್ಲಿಯ ಮೀನುಮರಿ ಕೇಂದ್ರಕ್ಕೆ ಸೇರಿದ. ಮೊಟ್ಟೆಯೊಡೆದು ಬಂದ ದೆನೀಸ್ ಮೀನಿನ ಮರಿ ರೆಪ್ಪೆಗೂದಲಿಗಿಂತ ಚಿಕ್ಕದು. ಅದು ತಿನ್ನುವುದು ಕಣ್ಣಿಗೆ ಕಾಣದ ಹುಳುವನ್ನು. ಆ ಹುಳು ತಿನ್ನುವುದು ಅದಕ್ಕಿಂತಲೂ ಚಿಕ್ಕದಾದ, ಒಂದೇ ಒಂದು ಜೀವಕೋಶದ ಪಾಚಿಯನ್ನು. ಆ ಪಾಚಿಯನ್ನು ಶೌಕಿ ಮನ್ಸಲಾ ಸರೋವರದ ದಂಡೆಯಿಂದ ಬಕೀಟಿನಲ್ಲಿ ತಂದ. ಸೋಸಿ, ಬೇರ್ಪಡಿಸಿ, ಕೊನೆಗೆ ಒಂದೇ ಒಂದು ಕೋಶವನ್ನು ಹಿಡಿದು ಅದರಿಂದ ಒಂದು ತಳಿ ಎಬ್ಬಿಸಿದ. ಮದುವೆಯಾಗಿ ಮಹಡಿಗೆ ವಾಸ ಬದಲಿಸಿದ್ದರಿಂದ ಕೆಳಗಿನ ಅವನ ಹಳೆಯ ಕೋಣೆಯೇ ಪಾಚಿಯ ಕೋಣೆಯಾಯಿತು. ಮೊಸರಿಗೆ ಹೆಪ್ಪು ಹಾಕುವ ಹಾಗೆ, ಒಂದು ಗಾಜಿನ ಹೂಜಿಯಿಂದ ಒಂದು ಚಮಚ ತೆಗೆದು ಹೊಸ ನೀರಿಗೆ ಬಿಡುವುದು. ಅದು ಹಸಿರಾಗಿ ದಟ್ಟವಾದರೆ ಮೀನುಮರಿ ಕೇಂದ್ರಕ್ಕೆ ಒಯ್ಯುವುದು.

ಮೂರು ವರ್ಷದ ಹಿಂದೆ ಮರಳ ದಿಬ್ಬದ ದಾರಿಯಲ್ಲಿ ವ್ಯಾನು ಮಗುಚಿ ಶೌಕಿ ಹೋದ. ಹೂಜಿಗಳನ್ನು ಅವನ ಹೆಂಡತಿ ರಾವಿಯಾ ಕೈಗೆತ್ತಿಕೊಂಡಳು.

ಕೋಣೆಯ ದೀಪ ಹೊತ್ತುಹೊತ್ತಿಗೆ ತಾನಾಗಿ ಹತ್ತಿ ಆರಲೆಂದು ಶೌಕಿ ಗೋಡೆಗೆ ಒಂದು ಯಂತ್ರ ಕೂಡಿಸಿದ್ದ. ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಸತ್ತಿತ್ತು. ಅಲ್ಲಿಂದೀಚೆಗೆ ರಾವಿಯಾಳೇ ಬೆಳಗ್ಗೆ ಹಾಕಿ ರಾತ್ರಿ ಆರಿಸುತ್ತಿದ್ದಳು. ಹೀಗಾಗಿ ವಗೀದಾ ಮುದುಕಿಯಾಗುವವರೆಗೂ ಅವಳ ಮಾತಿಗೆ ಧಕ್ಕೆ ಬಂದಿರಲಿಲ್ಲ. ಬಂದದ್ದು ಆ ಚಳಿಗಾಲ, ಮೀನು ಮೊಟ್ಟೆಯಿಡುವ ಕಾಲಕ್ಕೆ.

"ಅತ್ತೆ, ಇವತ್ತಿಂದ ರಾತ್ರಿಯೆಲ್ಲ ನಾನು ಅಲ್ಲೇ ಇರ್ಬೇಕು," ಎಂದಳು ರಾವಿಯಾ, ಬೂಟಿನೊಳಗೆ ಕಾಲು ತುರುಕುತ್ತಾ. "ಮೊಟ್ಟೆ ಶುರುವಾಗಿದೆ. ಹೊತ್ತು ಇಳಿದು ಅಸರ್ ನಮಾಜಿನ ಹೊತ್ತಿಗೆ ಹೊರಡ್ತೀನಿ, ಬೆಳಗ್ಗೆ ಬರ್ತೀನಿ. ನೀವು ರಾತ್ರಿ ಇಶಾ ನಮಾಜು ಮುಗಿಸಿದ ಮೇಲೆ ಪಾಚಿ ಕೋಣೆ ಸ್ವಿಚ್ಚು ಆರಿಸ್ಬಿಡಿ. ಫಜ್ರ್‌ಗೆ ನಸುಕಲ್ಲಿ ಎದ್ದಾಗ ಹಾಕಿ. ಅಷ್ಟೇ."

"ಅಷ್ಟೇನಾ? ಅಷ್ಟಕ್ಕೇ ನಿನ್ನ ಗಂಡ ಅಲೆಕ್ಸಾಂಡ್ರಿಯಾದಲ್ಲಿ ನಾಲ್ಕು ವರ್ಷ ಕೂತಿದ್ನಾ? ನನಗೆ ಅಕ್ಷರ ಬರಲ್ಲ ತಾಯಿ."

"ಸ್ವಿಚ್ಚಿಗೆ ಯಾವ ಅಕ್ಷರ ಅತ್ತೆ? ಟೀವಿ ರಿಮೋಟು ನಿಮ್ಮ ಕೈಲಿದ್ರೆ ಈ ಬೀದಿಲಿ ಇನ್ನೊಬ್ರಿಗೆ ಸಿಗಲ್ಲ."

"ಆರಿಸಲೇಬೇಕಾ?"

"ಅವಕ್ಕೂ ನಿದ್ದೆ ಬೇಡ್ವಾ? ಐದೂ ಹೊಸಾ ಹೆಪ್ಪು. ಎಳೆಗೂಸುಗಳು. ಜೋಪಾನ."

ಎಳೆಗೂಸು ಎಂದು ಆ ಕೆಲಸದವರೆಲ್ಲ ಹೊಸ ಹೂಜಿಗೆ ಅನ್ನುವುದು ವಾಡಿಕೆ. ವಗೀದಾ ಆ ಮಾತನ್ನು ನೂರು ಸಲ ಕೇಳಿದ್ದಳು. ಆ ದಿನ ಮಾತ್ರ ಅದು ಒಳಗೆ ಹೋಗಿ ಕೂತಿತು.

ತನ್ನ ಮಾತಿನ ವಿಷಯವನ್ನು ಅವಳು ಸೊಸೆಗೆ ಹೇಳಬಹುದಿತ್ತು. ಹೇಳಿದ್ದರೆ ರಾವಿಯಾ ನಗುತ್ತಿರಲಿಲ್ಲ. ಅದೇ ತೊಂದರೆ. ನಗದೆ, "ಹಾಗಾದ್ರೆ ನಾನೇ ಏನೋ ಮಾಡ್ತೀನಿ ಬಿಡಿ" ಎಂದು ಇನ್ನೊಂದು ಹೊರೆಯನ್ನು ತಲೆಗೇರಿಸಿಕೊಳ್ಳುತ್ತಿದ್ದಳು. ಹಗಲು ಹೂಜಿ, ರಾತ್ರಿ ಮೀನು, ನಡುವೆ ಹಾಸ್ಟೆಲಿನಲ್ಲಿರುವ ಮಗಳ ಶಾಲೆಯ ಫೀಸು, ಅತ್ತೆಯ ಮಂಡಿನೋವಿನ ಮುಲಾಮು. ಬಟ್ಟೆ ಒಣಹಾಕುತ್ತಾ ನಿಂತಲ್ಲೇ ಕಣ್ಣು ಮುಚ್ಚುವ ಹೆಂಗಸು ಅವಳು. ವಗೀದಾ ಸುಮ್ಮನಾದಳು.

ಇಶಾ ಮುಗಿಸಿ ಕೋಣೆಯ ಬಾಗಿಲು ತೆಗೆದಾಗ ಬಿಳಿ ಬೆಳಕು ಕಣ್ಣಿಗೆ ಹೊಡೆಯಿತು. ಹಲಗೆಯ ಮೇಲೆ ಐದು ಹೂಜಿಗಳು ಸಾಲಾಗಿ ನಿಂತು ಗುಳುಗುಳು ಗಾಳಿ ಕುಡಿಯುತ್ತಿದ್ದವು. ಒಳಗಿನ ನೀರು ಇನ್ನೂ ತೆಳು, ಎಳೆ ನಿಂಬೆಯ ಬಣ್ಣ. ವಗೀದಾ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ಇತ್ತು, ಒತ್ತಲಿಲ್ಲ. ಶೌಕಿಯ ಮಂಚ ಆ ಹಲಗೆಯ ಜಾಗದಲ್ಲೇ ಇದ್ದದ್ದು.

"ಒಂದು ರಾತ್ರಿ ತಾನೇ," ಎಂದುಕೊಂಡು ಬಾಗಿಲು ಎಳೆದುಕೊಂಡಳು. ಅಡುಗೆಮನೆಯ ಚಾಪೆಯ ಮೇಲೆ ಮಲಗಿದರೆ ಬಾಗಿಲ ಕೆಳಗಿಂದ ಬೆಳಕಿನ ಪಟ್ಟಿ ಕಾಣುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಮರುದಿನವೂ ಆರಿಸಲಿಲ್ಲ. ಮೂರನೆಯ ದಿನ ಅವಳಿಗೆ ಇನ್ನೊಂದು ತೋಚಿತು. ದೀಪದ ಪದ್ಧತಿ ನಡೆಸಿ ಕಾಳಿನ ಪದ್ಧತಿ ಬಿಟ್ಟರೆ ಅರ್ಧಂಬರ್ಧ ಆಗುವುದಿಲ್ಲವೇ? ಗೋಧಿ, ಬಾರ್ಲಿ, ಮಸೂರ, ಮೆಂತ್ಯ, ಕಡಲೆ, ದಪ್ಪ ಅವರೆ, ಜೋಳ. ಏಳೂ ಮನೆಯಲ್ಲೇ ಇದ್ದವು. ನೆನೆಹಾಕಿದಳು. ಮೊಳಕೆ ತುದಿ ಬಿಳಿಬಿಳಿಯಾಗಿ ಇಣುಕಿದ ಮೇಲೆ ಆ ನೀರನ್ನು ಬಟ್ಟೆಯಲ್ಲಿ ಸೋಸಿ, ದೇವರ ಹೆಸರು ಹೇಳಿ, ಪ್ರತಿ ಹೂಜಿಗೂ ಒಂದೊಂದು ಕಾಫಿ ಬಟ್ಟಲು ಸುರಿದಳು. ಕೊನೆಯ ಎರಡಕ್ಕೆ ಬರುವಷ್ಟರಲ್ಲಿ ನೀರು ಸಾಲದೆ ತೊಟ್ಟುತೊಟ್ಟು ಬಿದ್ದಿತು. ಅನ್ಯಾಯ ಮಾಡಿದೆನಲ್ಲಾ ಎಂದು ಆ ಎರಡು ಹೂಜಿಗಳ ಹೊಟ್ಟೆ ಸವರಿದಳು.

ಮೊದಮೊದಲು ರಾವಿಯಾ ಏನೂ ಅನ್ನಲಿಲ್ಲ. ಹಸಿರು ಕಡುವಾಗಿತ್ತು, ಅಷ್ಟೇ ಸಾಕಿತ್ತು ಅವಳಿಗೆ. ಆಮೇಲೆ ಒಂದು ಬೆಳಗ್ಗೆ, ಬಂದವಳು ಮುಸುಕನ್ನೂ ತೆಗೆಯದೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳು ಏಳಲೇ ಇಲ್ಲ. ವಗೀದಾ ಬೇಯಿಸಿದ ಅವರೆ, ರೊಟ್ಟಿ ತಂದು ಪಕ್ಕದಲ್ಲಿಟ್ಟಳು.

"ತಿನ್ನೇ, ಆರುತ್ತೆ."

"ಅತ್ತೆ, ಇವು ಉಬ್ಬಿವೆ."

"ಏನು?"

"ಒಂದೊಂದು ಇರ್ಬೇಕಾದ್ದಕ್ಕಿಂತ ಮೂರರಷ್ಟು ಊದಿಕೊಂಡಿದೆ. ದುಂಡಗೆ, ಕಡಲೆ ತರ. ಆದ್ರೆ ಎಣಿಸಿದ್ರೆ ಮೊನ್ನೆ ಎಷ್ಟಿದ್ವೋ ಇವತ್ತೂ ಅಷ್ಟೇ ಇವೆ."

"ಉಬ್ಬಿದ್ರೆ ಒಳ್ಳೇದಲ್ವಾ? ಮಗು ಮೈ ತುಂಬ್ಕೊಂಡಿದೆ ಅಂತ ಅಲ್ವಾ ಅರ್ಥ?"

"ಹುಳಕ್ಕೆ ಬೇಕಿರೋದು ಡೊಳ್ಳುಹೊಟ್ಟೆಯ ನಾಲ್ಕು ಜನ ಅಲ್ಲ ಅತ್ತೆ. ಜಾತ್ರೆ ಬೇಕು, ಜಾತ್ರೆ! ಇವು ಬಾಯಿಗೂ ಹಿಡಿಯಲ್ಲ." ರಾವಿಯಾ ಮೊದಲ ಹೂಜಿಯನ್ನು ಬೆಳಕಿಗೆ ಎತ್ತಿ ಅಲ್ಲಾಡಿಸಿದಳು. "ಇದು ಬೇರೆ ಮೋಡ ಕಟ್ಟಿದೆ. ವಾಸನೆ ನೋಡಿ."

ವಗೀದಾ ಮೂಸಿದಳು. ನಾಲ್ಕು ದಿನ ಮರೆತ ಕಾಳಿನ ಪಾತ್ರೆಯ ವಾಸನೆ.

ಅದೇ ಹೊತ್ತಿಗೆ ಹಾಜಿ ಮಿತ್ವಲ್ಲಿ ಬಂದ. ಎರಡು ಆಳಿನ ಗಾತ್ರದ ಮನುಷ್ಯ; ಬಾಗಿಲಲ್ಲಿ ಯಾವಾಗಲೂ ಅಡ್ಡ ತಿರುಗಿಯೇ ಬರುವವನು. ಶೌಕಿಯ ಹೆಣವನ್ನು ಹೆಗಲ ಮೇಲೆ ಹೊತ್ತು ತಂದವನೂ ಅವನೇ. ಕೈಗೆ ಪುದೀನ ಚಹಾ ಕೊಟ್ಟರೆ ಕುಡಿಯುವ ಮೊದಲು ಲೋಟವನ್ನು ಹೂಜಿಯ ಪಕ್ಕ ಹಿಡಿದು ನೋಡಿದ.

"ಉಮ್ ಶೌಕಿ," ಎಂದ; ಶೌಕಿಯ ತಾಯಿ ಎಂದೇ ಊರವರು ಅವಳನ್ನು ಕರೆಯುವುದು. "ನಿನ್ನ ಚಹಾ ನಿನ್ನ ಸೊಸೆಯ ಪಾಚಿಗಿಂತ ಹಸಿರಾಗಿದೆಯಲ್ಲೇ! ಇದನ್ನೇ ಮೀನಿಗೆ ಹಾಕ್ಲಾ?"

"ಹಾಕು. ಸಕ್ಕರೆ ನಿನ್ನದು," ಎಂದಳು ವಗೀದಾ.

ಅವನು ನಕ್ಕ. ಆಮೇಲೆ ನಗು ಇಳಿಸಿ ರಾವಿಯಾಳ ಕಡೆ ತಿರುಗಿದ. "ನೋಡು ಮಗಳೇ. ಶುಕ್ರವಾರ ಮೊಟ್ಟೆ ಒಡೆಯುತ್ತೆ. ಹುಳುವಿನ ತೊಟ್ಟಿ ಈಗ್ಲೇ ಹಸಿದಿದೆ. ಅಷ್ಟರೊಳಗೆ ಹಸಿರು ಕೊಟ್ರೆ ಸರಿ. ಇಲ್ಲಾಂದ್ರೆ ಹೊರಗಿಂದ ಡಬ್ಬಿ ಪಾಚಿ ತರಿಸ್ತೀನಿ. ಡಬ್ಬಿ ಒಂದ್ಸಲ ಬಂತು ಅಂದ್ರೆ ಮತ್ತೆ ಈ ಹೂಜಿ, ಗಾಳಿ, ದೀಪ ಎಲ್ಲಾ ಯಾಕೆ? ನಿನ್ನ ಹೊಟ್ಟೆಗೆ ಕಲ್ಲು ಹಾಕಲ್ಲ, ಬೇರೆ ಕೆಲಸ ಕೊಡ್ತೀನಿ. ಆದ್ರೆ ಈ ಕೋಣೆ ಮುಚ್ಚಿದ ಹಾಗೇನೇ."

"ಶೌಕಿಯ ತಳಿ ಹಾಜಿ ಇದು."

"ಗೊತ್ತಮ್ಮ. ಶೌಕಿ ನನಗೂ ಮಗನೇ. ಮೀನುಮರಿಗೆ ಗೊತ್ತಿಲ್ವಲ್ಲ."

ಅವನು ಹೋದ ಮೇಲೆ ರಾವಿಯಾ ಗೋಡೆಗೊರಗಿ ಕೂತಳು. ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದ ತಳಿ ಹೋದ ಬೇಸಿಗೆಯಲ್ಲಿ ಕರೆಂಟು ಹೋಗಿ ಸತ್ತಿತ್ತು. ಸರೋವರದಿಂದ ಮತ್ತೆ ತರೋಣವೆಂದರೆ ಶೌಕಿ ಬಕೀಟು ಅದ್ದಿದ ದಂಡೆಯನ್ನು ಮಣ್ಣು ತುಂಬಿ ರಸ್ತೆ ಮಾಡಿದ್ದರು. ಲೋಕದಲ್ಲಿ ಆ ತಳಿ ಉಳಿದದ್ದು ಈ ಐದು ಹೂಜಿಗಳಲ್ಲಿ ಮಾತ್ರ.

"ನಾನೇ ಹಾಳು ಮಾಡಿದೆ," ಎಂದಳು ರಾವಿಯಾ. "ನಿದ್ದೆಗಣ್ಣಲ್ಲಿ ಉಪ್ಪು ಜಾಸ್ತಿ ಹಾಕ್ಬಿಟ್ಟೆ ಅಂತ ಕಾಣುತ್ತೆ. ಇಲ್ಲಾ ಕೈ ತೊಳೆದಿಲ್ಲ. ಅವರು ಇದ್ದಿದ್ರೆ... ಇಷ್ಟು ವರ್ಷ ಅವರು ಇಟ್ಕೊಂಡಿದ್ದನ್ನ ನಾನು ಮೂರು ವರ್ಷ ಇಟ್ಕೊಳ್ಳೋಕೆ ಆಗ್ಲಿಲ್ಲ."

ತನ್ನನ್ನು ಬೈದಿದ್ದರೆ ವಗೀದಾ ಇನ್ನೂ ಎರಡು ದಿನ ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಆ ಹೆಣ್ಣು ತನ್ನನ್ನೇ ಬೈದುಕೊಳ್ಳುವುದನ್ನು ನೋಡಿಕೊಂಡು ಕೂರಲಾಗಲಿಲ್ಲ.

"ದೀಪ ಆರಿಸಿಲ್ಲ ನಾನು."

"ಯಾವತ್ತು?"

"ನೀನು ಹೋದಾಗಿನಿಂದ."

"ಒಂದು ರಾತ್ರಿನೂ?"

"ಒಂದು ರಾತ್ರಿನೂ ಇಲ್ಲ."

ರಾವಿಯಾ ಅವಳ ಮುಖವನ್ನೇ ನೋಡಿದಳು. "ಇನ್ನೇನು ಮಾಡಿದ್ರಿ?"

"ಕಾಳಿನ ನೀರು. ಏಳು ದಿನದ ಪದ್ಧತಿಯದ್ದು. ಎಳೆಗೂಸು ಅಂದೆಯಲ್ಲ ನೀನು. ಒಂದೊಂದು ಬಟ್ಟಲು... ಚಿಕ್ಕ ಬಟ್ಟಲೇ ಕಣೇ!"

ರಾವಿಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗಿತು. ಅಳುತ್ತಿದ್ದಾಳೆ ಎಂದು ವಗೀದಾ ಮುಂದೆ ಸರಿದರೆ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬೇರೆ.

"ನೀವೊಂದು ಕೆಲಸ ಮಾಡಿ ಅತ್ತೆ. ಹೂಜಿಗೆ ಮದರಂಗಿ ಹಾಡು ಹೇಳೋದೊಂದು ಉಳಿದಿದೆ, ಅದನ್ನೂ ಮಾಡ್ಬಿಡಿ." ಆಮೇಲೆ ಥಟ್ಟನೆ ಸಿಟ್ಟು ಬಂತು. "ಮುಚ್ಚಿಟ್ರಲ್ಲ! ಕೇಳಿದ್ರೆ ನಾನು ತಿಂದ್ಬಿಡ್ತಿದ್ನಾ? ರಾತ್ರಿಯೆಲ್ಲ ನಿಂತ್ಕೊಂಡು ಆ ತೊಟ್ಟಿಗೆ ಕಾವಲು ಕಾಯೋದು ಯಾತಕ್ಕೆ ನಾನು?"

ರಾವಿಯಾ ಎದ್ದು ಹೂಜಿಗಳನ್ನು ಒಂದೊಂದಾಗಿ ಮೂಸಿ ನೋಡಿ ಮೂರನ್ನು ಬಚ್ಚಲಿಗೆ ಚೆಲ್ಲಿದಳು. ಆ ಹಸಿರು ನೀರು ಕಾಲುವೆಗೆ ಇಳಿಯುವಾಗ ವಗೀದಾ ಕಣ್ಣು ಬೇರೆ ಕಡೆ ತಿರುಗಿಸಿದಳು. ಉಳಿದ ಎರಡು, ತೊಟ್ಟು ನೀರಷ್ಟೇ ಬಿದ್ದವು, ಕೆಟ್ಟಿರಲಿಲ್ಲ.

ಕೆಲಸ ಮಾಡುತ್ತಾ ಮಾಡುತ್ತಾ ರಾವಿಯಾಳ ಸಿಟ್ಟು ಇಳಿಯಿತು. ಅವಳಿಗೆ ಹಾಗೆಯೇ, ಕೈಗೆ ಕೆಲಸ ಸಿಕ್ಕರೆ ಕೋಪ ನಿಲ್ಲುವುದಿಲ್ಲ.

"ನಮ್ಮಪ್ಪನ ಸೀಬೆ ನರ್ಸರಿಲಿ," ಎಂದಳು, "ಕಡ್ಡಿ ನೆಡೋ ಮುಂಚೆ ಮಸೂರ ಮೊಳಕೆ ನೀರಲ್ಲಿ ಅದ್ದಿ ಇಡ್ತಿದ್ವಿ. ಬೇರು ಬೇಗ ಬಿಡುತ್ತೆ ಅಂತ. ಮೊಳಕೆ ಒಡೆಯೋ ಕಾಳಲ್ಲಿ ಒಂದು ರಸ ಇರುತ್ತೆ, ಹಾರ್ಮೋನು. ಅದು ಮಾತಿದ್ದ ಹಾಗೆ. ಹೋಗಿ ಕಿವಿಲಿ ಹೇಳುತ್ತೆ, ಬೆಳಿ, ಬೆಳಿ ಅಂತ. ಇವೂ ಕೇಳಿಸ್ಕೊಂಡಿವೆ. ಬೆಳಕು ಉಣಿಸ್ತಾ ಇದೆ, ರಸ ಬೆಳಿ ಅಂತಿದೆ, ಉಂಡು ಉಂಡು ಊದ್ಕೊಂಡಿವೆ. ಆದ್ರೆ ಇವು ಎರಡಾಗೋದು ಕತ್ತಲಲ್ಲಿ ಅತ್ತೆ. ಹಗಲೆಲ್ಲ ತಿಂದು ಕೂಡಿಟ್ಕೊಂಡು, ದೀಪ ಆರಿದ ಮೇಲೆ ಒಡೀತವೆ. ನೀವು ಅವನ್ನ ಮಲಗೋಕೇ ಬಿಟ್ಟಿಲ್ಲ."

ವಗೀದಾ ಕೇಳಿದಳು. "ಎರಡಾದಾಗ, ಮೊದಲಿತ್ತಲ್ಲ, ಅದು ಏನಾಗುತ್ತೆ? ಸಾಯುತ್ತಾ?"

ಸೊಸೆ ಕೈ ನಿಲ್ಲಿಸಿದಳು. ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ಇಲ್ಲ. ಹೆಣ ಅಂತ ಏನೂ ಉಳಿಯಲ್ಲ. ಅದೇ ಎರಡಾಗಿರುತ್ತೆ. ಎರಡೂ ಅದೇ."

"ಹಾಗಾದ್ರೆ ಶೌಕಿ ತಂದ ಆ ಒಂದು..."

"ಇದೇ ಅತ್ತೆ. ಇದ್ರಲ್ಲಿರೋದು ಅಷ್ಟೂ ಅದೇ."

ಆಗ ವಗೀದಾ ತನ್ನ ಮಾತಿನ ಕಥೆ ಹೇಳಿದಳು. ಸುತ್ತಿ ಬಳಸದೆ, ಆರನೆಯ ಸಂಜೆ, ಆರಿಹೋದ ದೀಪ, ನನ್ನ ಕೈಯಿಂದ ಎಂದಿಗೂ ಎಂದದ್ದು. ರಾವಿಯಾ ನಗಲಿಲ್ಲ. ಅಂದುಕೊಂಡ ಹಾಗೆಯೇ ಆ ಹೊರೆಯನ್ನೂ ಎತ್ತಿಕೊಂಡಳು.

"ಅಸರ್‌ಗೇ ಆರಿಸಿ ಹೋಗೋಣ ಅಂದ್ರೆ ಹೊಟ್ಟೆಗೆ ಸಾಲಲ್ಲ ಇವಕ್ಕೆ, ಹಗಲು ಮೋಟಾಗುತ್ತೆ. ಪಕ್ಕದ್ಮನೆ ಉಮ್ ಫವ್ವಾದ್‌ಗೆ ಹೇಳಿ ಹೋಗ್ತೀನಿ. ಇಶಾ ಆದ್ಮೇಲೆ ಬಂದು ಅವಳು ಆರಿಸ್ಲಿ. ನಿಮ್ಮ ಕೈ ಅಲ್ವಲ್ಲ. ಮಾತೂ ಉಳಿಯುತ್ತೆ, ಪಾಚಿನೂ ಉಳಿಯುತ್ತೆ."

ಒಪ್ಪಿಗೆ ಎನ್ನುವಂತೆ ವಗೀದಾ ತಲೆಯಾಡಿಸಿದಳು.

ಉಮ್ ಫವ್ವಾದ್ ಹೇಳಿದ ಹೊತ್ತಿಗೆ ಬಂದಳು, ಒಲೆಯ ಮೇಲೆ ಮೀನು ಬಿಟ್ಟು ಬಂದವಳು, ಕೈಯಲ್ಲಿ ಸೌಟು.

"ಸ್ವಿಚ್ಚು ಒತ್ತೋಕೆ ಆಳು ಬೇಕಾ ನಿನಗೆ? ಆ ಬೆರಳಿಗೇನು ಮದುವೆ ಗೋರಂಟಿ ಹಚ್ಚಿದ್ದಾರಾ? ಎಲ್ಲಿದೆ ತೋರ್ಸು, ನನ್ನ ಮೀನು ಸೀಯುತ್ತೆ!"

ವಗೀದಾ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳಿಗೆ ಬೇರೇನೋ ಕಾಣುತ್ತಿತ್ತು. ಐದಾರು ವರ್ಷದ ಶೌಕಿ, ಉರಿಯುವ ದೀಪದ ಕೆಳಗೆ, ಕಂಬಳಿಯನ್ನು ತಲೆಯವರೆಗೂ ಎಳೆದುಕೊಂಡು ಮಲಗಿದ್ದು. ಬೇಸಿಗೆಯಲ್ಲೂ. ಬೆವರಿ ತೊಪ್ಪೆಯಾದರೂ ಹೊದಿಕೆ ಸರಿಸುತ್ತಿರಲಿಲ್ಲ. ಅವಳು ಮೆಲ್ಲಗೆ ಮುಖದಿಂದ ಕಂಬಳಿ ತೆಗೆದರೆ ನಿದ್ದೆಯಲ್ಲೇ ಮತ್ತೆ ಎಳೆದುಕೊಳ್ಳುತ್ತಿದ್ದ. ಚಳಿ ಜಾಸ್ತಿ ಇವನಿಗೆ ಎಂದು ಅವಳು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಇಷ್ಟು ವರ್ಷದಲ್ಲಿ ಇವತ್ತು ಗೊತ್ತಾಯಿತು, ಅದು ಚಳಿಯಲ್ಲ. ಅಮ್ಮ ಆರಿಸದ ದೀಪಕ್ಕೆ ಆ ಮಗು ತನ್ನ ಕತ್ತಲನ್ನು ತಾನೇ ಮಾಡಿಕೊಂಡು, ಅದರೊಳಗೆ ಬೆಳೆದಿತ್ತು. ಒಂದು ದಿನವೂ ದೂರಲಿಲ್ಲ. ಅವಳಿಗೆ ಅದು ಬೇಕಾಗಿತ್ತೆಂದು ಅವನಿಗೆ ತಿಳಿದಿತ್ತೋ ಏನೋ.

ಈಗ ಅವನ ಕೂಸುಗಳನ್ನು ಮಲಗಿಸಲು, ಸೌಟು ಹಿಡಿದುಕೊಂಡು ಬಂದಿರುವ ಪಕ್ಕದ ಮನೆಯವಳ ಕೈ. ಅವಳ ಕೈಯಿಂದ ಆರಿದರೆ ಮಾತು ಉಳಿಯುತ್ತದೆ. ಯಾರ ಸಲುವಾಗಿ ಉಳಿಯುತ್ತದೆ ಎಂದು ಕೇಳಿಕೊಂಡರೆ, ತನ್ನ ಸಲುವಾಗಿ ಎಂಬುದನ್ನು ಬಿಟ್ಟು ಬೇರೆ ಉತ್ತರ ಅವಳಿಗೆ ಹೊಳೆಯಲಿಲ್ಲ.

"ಹೋಗು ಮಾರಾಯ್ತಿ, ನಿನ್ನ ಮೀನು ನೋಡ್ಕೋ," ಎಂದಳು.

"ಅಯ್ಯೋ, ಕರೆಸಿದ್ದು ಯಾಕೆ ಮತ್ತೆ?"

"ನಿನ್ನ ಮುಖ ನೋಡೋಣ ಅಂತ. ನೋಡಾಯ್ತು."

ಬೈದುಕೊಳ್ಳುತ್ತಾ ಉಮ್ ಫವ್ವಾದ್ ಹೋದಳು. ವಗೀದಾ ಒಳಗೆ ಬಂದು, ಎರಡೂ ಹೂಜಿಗಳ ಗಾಳಿಯ ಕೊಳವೆ ನೆಟ್ಟಗಿದೆಯೇ ನೋಡಿ, ಸ್ವಿಚ್ಚು ಒತ್ತಿದಳು. ಕತ್ತಲಾಯಿತು. ಗುಳುಗುಳು ಸದ್ದು ಮಾತ್ರ ಉಳಿಯಿತು. ಅವಳು ಹೊರಗೆ ಹೋಗಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೂ ಅಲ್ಲೇ, ಮಂಚವಿದ್ದ ಜಾಗದ ಪಕ್ಕ ನೆಲದ ಮೇಲೆ ಕೂತಿದ್ದಳು. ಫಜ್ರ್‌ಗೆ ಎದ್ದು ಹಾಕಿದಳು.

ಬುಧವಾರ ಬೆಳಗ್ಗೆ ರಾವಿಯಾ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಅತ್ತೆಯನ್ನು ಕರೆದು ಕೂರಿಸಿದಳು. ಮುದುಕಿಗೆ ಮೊದಲು ತನ್ನ ರೆಪ್ಪೆ ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಕಂಡಿತು. ಊದಿದ್ದವು ಒಡೆದು ಕೆಲವು ಎರಡಾಗಿದ್ದವು, ಕೆಲವು ನಾಲ್ಕಾಗಿ ಒಂದಕ್ಕೊಂದು ಆತುಕೊಂಡಿದ್ದವು, ಇನ್ನು ಕೆಲವು ಆಗಲೇ ದೂರ ಸರಿದಿದ್ದವು.

ಶುಕ್ರವಾರಕ್ಕೆ ಒಂದು ಹೂಜಿಯಷ್ಟೇ ದಟ್ಟವಾಯಿತು. ಹಾಜಿ ಮಿತ್ವಲ್ಲಿ ಗೊಣಗಿದ, ಅರ್ಧಕ್ಕೆ ಡಬ್ಬಿಯ ಪಾಚಿ ತರಿಸಿದ, ಇನ್ನರ್ಧಕ್ಕೆ ಆ ಹೂಜಿಯನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ತಾನೇ ಒಯ್ದ. ಎರಡನೆಯದರಿಂದ ರಾವಿಯಾ ಐದು ಹೊಸ ಹೆಪ್ಪು ಹಾಕಿದಳು. ಕೋಣೆ ಮುಚ್ಚಲಿಲ್ಲ.

ಅಲ್ಲಿಂದ ದಿನಾ ಇಶಾ ಆದ ಮೇಲೆ ದೀಪ ಆರಿಸುವುದು ವಗೀದಾಳೇ. ಮಗನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.